ಬಲ್ಬಿನ ಪೆಟ್ಟಿಗೆ ಹೇಳುವ ‘ತಂಪು’

ಆಳಂದ ತಾಲೂಕಿನ ಮಾದನಹಿಪ್ಪರಗಾದಂಥ ಊರಿನಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿ ಯಾರಾದರೂ ಮನೆ ತಂಪಾಗಿರಲೆಂದು ‘ಕೂಲ್ ಡೇಲೈಟ್’ ಎಂಬ ಎಲ್‌ಇಡಿ ಬಲ್ಬು ಕೊಂಡರೆ ಅವರನ್ನು ದೂರುವಂತಿಲ್ಲ. ತಪ್ಪು ಆ ಪದದ್ದು. ಅದೇ ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದಿರುತ್ತದೆ, ‘ವಾರ್ಮ್’ ಬಲ್ಬಿನ ಮೇಲೆ 2700. ಹೆಚ್ಚು ತಾಪದ್ದು ತಂಪು, ಕಡಿಮೆ ತಾಪದ್ದು ಬಿಸಿ! ಚಿತ್ರಕಾರರ ಮಾತನ್ನು ಭೌತವಿಜ್ಞಾನದ ಸಂಖ್ಯೆಯ ಪಕ್ಕದಲ್ಲಿ ಅಚ್ಚು ಹಾಕಿದ್ದರ ಫಲವಿದು.

ಈ ಸಂಖ್ಯೆ ಬಲ್ಬಿನ ಬಿಸಿಯಲ್ಲ. ಯಾವ ತಾಪದ ಕಪ್ಪುಕಾಯ ಅಂಥದೇ ಬಣ್ಣದ ಬೆಳಕು ಸೂಸುತ್ತದೆ ಎಂಬುದರ ಸೂಚನೆ ಅಷ್ಟೆ. ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯೇ ಸುಮಾರು 2700 ಕೆಲ್ವಿನ್‌ಗೆ ಕಾಯುತ್ತಿತ್ತು. ಎಲ್‌ಇಡಿಯಲ್ಲಿ ನೀಲಿ ಬೆಳಕಿನ ಒಂದು ಪಾಲನ್ನು ಫಾಸ್ಫರ್ ಲೇಪ ಹಳದಿಯಾಗಿಸುತ್ತದೆ. ಕೋಣೆಯ ಬಿಸಿಗೆ ಲೆಕ್ಕ ವಾಟ್‌ನದು. 9 ವಾಟ್ ಬಲ್ಬು ಯಾವ ಬಣ್ಣದ್ದಾದರೂ ಸೆಕೆಂಡಿಗೆ 9 ಜೂಲ್ ಶಕ್ತಿ ಬಳಸುತ್ತದೆ. ಗೋಡೆಗಳು ಹೀರಿದ ಬೆಳಕೂ ಕೊನೆಗೆ ಶಾಖವೇ.

ಹಾಗಾದರೆ ಎಲ್ಲಿಗೆ ಯಾವುದು? ಮಲಗುವ ಕೋಣೆಗೆ 2700. ನಮ್ಮ ಅಕ್ಷಿಪಟಲದಲ್ಲಿ 480 ನ್ಯಾನೊಮೀಟರ್ ಸುತ್ತಲಿನ ನೀಲಿಗೆ ಸ್ಪಂದಿಸುವ ಕೋಶಗಳಿವೆ. ಅವುಗಳ ಸಂಕೇತ ನಿದ್ದೆಗೆ ಬೇಕಾದ ಮೆಲಟೋನಿನ್ ಅನ್ನು ತಗ್ಗಿಸುತ್ತದೆ. ಓದಿಗೆ 4000 ಸಾಕು. ಅಡುಗೆಮನೆಯಲ್ಲಿ ತೊಗರಿಬೇಳೆ ಆರಿಸುವವರಿಗೆ ಕೆಲ್ವಿನ್‌ಗಿಂತ ವರ್ಣದರ್ಶಕ ಸೂಚ್ಯಂಕ ಮುಖ್ಯ: 80ಕ್ಕಿಂತ ಕಡಿಮೆ ಬೇಡ, 90 ಇದ್ದರೆ ಒಳ್ಳೆಯದು. ಆದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಈ ಸಂಖ್ಯೆಯೇ ಇರುವುದಿಲ್ಲ.

ಶಿಕ್ಷಕರೇ, ಹಳೆಯ ಸಿ.ಡಿ.ಯೊಂದರಲ್ಲಿ ಎರಡೂ ಬಲ್ಬುಗಳ ರೋಹಿತವನ್ನು ಮಕ್ಕಳಿಗೆ ತೋರಿಸಿ. ‘ತಂಪು’ ಬಲ್ಬಿನಲ್ಲಿ ನೀಲಿ ಪಟ್ಟಿ ಎದ್ದು ಕಾಣುತ್ತದೆ.