ಶಾಲೆಯಿಲ್ಲದ ಬೋಧನಾಭ್ಯಾಸ

ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು 2014ರಲ್ಲಿ ರೂಪಿಸಿದ ನಿಯಮಗಳು ಎರಡು ವರ್ಷಗಳ ಬಿ.ಎಡ್. ವ್ಯಾಸಂಗಕ್ಕೆ ಕನಿಷ್ಠ 20 ವಾರಗಳ ಶಾಲಾನುಭವವನ್ನು ವಿಧಿಸಿದುವು. ನಿಯಮವೇನೋ ಯುಕ್ತವಾದುದೇ. ಆದರೆ 2020ರ ಮಾರ್ಚಿಯಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳೇ ಮುಚ್ಚಿದಾಗ ಆ ಅನುಭವವನ್ನು ಎಲ್ಲಿಂದ ತರಬೇಕು? ಕೆಲವೆಡೆ ಸಹಪಾಠಿಗಳೇ ಮಕ್ಕಳಾದರು, ಮೊಬೈಲಿನ ಪರದೆಯೇ ಕರಿಹಲಗೆಯಾಯಿತು. ಪಾಠಯೋಜನೆಯ ಪುಸ್ತಕಗಳು ಮಾತ್ರ ಎಂದಿನಂತೆ ತುಂಬಿದುವು. ಇಪ್ಪತ್ತೆರಡು ವಯಸ್ಸಿನ ‘ಬಾಲಕ’ನು ತಪ್ಪು ಉತ್ತರವನ್ನು ನಟಿಸಬಲ್ಲನು, ಭಾಗಾಕಾರದಲ್ಲಿ ಎಡವಿ ತಲೆತಗ್ಗಿಸಿದ ಮಗುವಿನ ಮೌನವನ್ನು ನಟಿಸಲಾರನು.

ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ‘ವಿದ್ಯಾಗಮ’ವನ್ನು ಆರಂಭಿಸಿತು. ಗುಡಿಯ ಕಟ್ಟೆಯಲ್ಲಿ, ಮರದ ನೆರಳಿನಲ್ಲಿ ಶಿಕ್ಷಕರು ಮಕ್ಕಳ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಗುರುವೇ ಶಿಷ್ಯನಿದ್ದಲ್ಲಿಗೆ ನಡೆದುಹೋಗುವ ಈ ಕ್ರಮ ಜಂಗಮತತ್ತ್ವವನ್ನು ಬಲ್ಲ ನಮಗೆ ಹೊಸತೇನಲ್ಲ. ಪ್ರಶಿಕ್ಷಣಾರ್ಥಿಗಳನ್ನೂ ಅಲ್ಲಿಗೆ ಕಳುಹಿಸಬೇಕಿತ್ತೆಂದು ಹೇಳುವುದು ಸುಲಭ. ಆದರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರಿನಲ್ಲಿ ಆ ಯೋಜನೆಯೇ ನಿಂತಿತು. ವೇತನವಿಲ್ಲದ ಯುವಜನರನ್ನು ಅಂಥ ಅಪಾಯಕ್ಕೆ ನೂಕಿ, ಅದಕ್ಕೆ ಕಾಯಕವೆಂದು ಹೆಸರಿಡುವುದು ಸಲ್ಲದು.

ನಮ್ಮ ಆಕ್ಷೇಪ ಬೇರೆಯದು. ಶಾಲೆ ದೊರೆಯದುದಕ್ಕೆ ಯಾರನ್ನೂ ದೂರುವಂತಿಲ್ಲ. ದೊರೆತಂತೆಯೇ ಅಂಕಗಳನ್ನು ಬರೆದುಕೊಂಡುದನ್ನು ಒಪ್ಪಲಾಗದು. ಆ ತಂಡದವರಲ್ಲಿ ಅನೇಕರು ಇಂದು ತರಗತಿಗಳಲ್ಲಿದ್ದಾರೆ. ಸೇವೆಗೆ ಸೇರಿದ ಮೊದಲ ವರ್ಷದಲ್ಲಿ ಅನುಭವಿ ಶಿಕ್ಷಕರೊಬ್ಬರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಏರ್ಪಾಡನ್ನಾದರೂ ಅವರಿಗೆ ಮಾಡಬಹುದಿತ್ತು. ಮಠಗಳ ಆಡಳಿತದಲ್ಲಿರುವ ಶಾಲೆಗಳಿಗೆ ಇದಕ್ಕಾಗಿ ಸರ್ಕಾರದ ಅಪ್ಪಣೆಯೇನೂ ಬೇಕಿರಲಿಲ್ಲ.