‘ಸಿರಾಮಿಕ್’ ಶಬ್ದದ ಅರ್ಥವಿಚಾರ

‘ಸಿರಾಮಿಕ್’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ಪಿಂಗಾಣಿ’ ಎಂದು ಬರೆಯುವ ರೂಢಿಯು ಬಹುಮಟ್ಟಿಗೆ ನೆಲೆಗೊಂಡಿದೆ. ಶಬ್ದವು ಪರಿಚಿತವಾದುದೇನೋ ನಿಜ; ಆದರೆ ಒಂದು ಬಗೆಯ ಹೆಸರನ್ನು ಇಡಿಯ ವರ್ಗಕ್ಕೆ ಹಚ್ಚಿದಂತಾಗಿದೆ. ಈ ದೋಷವು ನುಡಿಗೆ ಮಾತ್ರ ತಗಲುವಂಥದಲ್ಲ, ಇತಿಹಾಸಜ್ಞಾನವನ್ನೂ ಕೆಡಿಸುವಂಥದು.

ಈ ಶಬ್ದದ ಮೂಲವು ಗ್ರೀಕರ ‘ಕೆರಾಮೊಸ್’. ಕುಂಬಾರನ ಮಣ್ಣು, ಅದರಿಂದಾದ ಪಾತ್ರೆ, ಮನೆಗೆ ಹೊದಿಸುವ ಹಂಚು—ಈ ಮೂರಕ್ಕೂ ಗ್ರೀಕರಲ್ಲಿ ಅದೊಂದೇ ಹೆಸರು. ಅಥೆನ್ಸ್ ನಗರದ ಕುಂಬಾರಗೇರಿಗೆ ‘ಕೆರಾಮೈಕೊಸ್’ ಎಂಬ ಹೆಸರು ಬಂದುದೂ ಇದರಿಂದಲೇ. ಕನ್ನಡದ ‘ಹಂಚು’ ಶಬ್ದವನ್ನು ಇದರೊಡನೆ ಹೋಲಿಸಿ ನೋಡಬಹುದು. ರೊಟ್ಟಿ ಬೇಯಿಸುವ ಮಣ್ಣಿನ ಪಾತ್ರೆಯೂ ಹಂಚು, ಮಾಡಿಗೆ ಹೊದಿಸುವುದೂ ಹಂಚು. ಒಂದು ಒಲೆಯ ಮೇಲಿನದು, ಇನ್ನೊಂದು ತಲೆಯ ಮೇಲಿನದು. ಎರಡನ್ನೂ ಕೂಡಿಸಿದುದು ಆಕಾರವಲ್ಲ, ಉಪಯೋಗವಲ್ಲ, ಸುಟ್ಟ ಮಣ್ಣೆಂಬ ಗುಣ.

‘ಪಿಂಗಾಣಿ’ಯ ಕಥೆಯು ಬೇರೆ. ಬಟ್ಟಲೆಂಬ ಅರ್ಥವುಳ್ಳ ಪಾರಸಿಯ ‘ಪಿಂಗಾನ್’ ಶಬ್ದದಿಂದ ಅದು ಬಂದುದು. ಬಿಳಿಯ ಜೇಡಿಮಣ್ಣಿಗೆ ಬೆಣಚುಕಲ್ಲಿನ ಪುಡಿಯನ್ನೂ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನೂ ಕೂಡಿಸಿ, ಸುಮಾರು 1300 ಅಂಶಗಳ ಉಷ್ಣದಲ್ಲಿ ಗಾಜಿನಂತೆ ಬಿಗಿಯುವವರೆಗೆ ಸುಟ್ಟ ಚೀನೀ ಪಾತ್ರೆಯಲ್ಲಿ ಈ ಹೆಸರು ನೆಲೆನಿಂತಿತು. ಊರ ಗಡಿಗೆಯ ಸೂಕ್ಷ್ಮರಂಧ್ರಗಳಲ್ಲಿ ನೀರು ಜಿನುಗಿ ಆರುವುದರಿಂದಲೇ ಒಳಗಿನ ನೀರು ತಂಪಾಗುವುದು. ಪಿಂಗಾಣಿಯಲ್ಲಿ ನೀರು ಇಂಗುವುದಿಲ್ಲ. ಇವೆರಡೂ ಸಿರಾಮಿಕ್ ವರ್ಗಕ್ಕೆ ಸೇರಿದವು. ಆದರೆ ಗಡಿಗೆಯು ಪಿಂಗಾಣಿಯಲ್ಲ.

ಈ ಭೇದವನ್ನು ಮರೆತರೆ ಆಗುವ ಅನರ್ಥಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯು ನಿದರ್ಶನ. 1947ರಲ್ಲಿ ವ್ಹೀಲರ್ ಅಲ್ಲಿ ನಡೆಸಿದ ಉತ್ಖನನದಲ್ಲಿ ಬೃಹತ್‌ಶಿಲಾ ಸಮಾಧಿಗಳಿಂದ ಕಪ್ಪು-ಕೆಂಪು ಬಣ್ಣದ ಮಡಕೆಗಳು ದೊರೆತವು. ಇವನ್ನು ಕುರಿತ ‘ಸಿರಾಮಿಕ್’ ಶಬ್ದವನ್ನು ‘ಪಿಂಗಾಣಿ’ ಎಂದು ಅನುವಾದಿಸಿದರೆ, ಎರಡು ಸಾವಿರ ವರ್ಷಗಳಿಗೂ ಹಿಂದಿನ ಸಮಾಧಿಯಲ್ಲಿ ಚೀನೀ ಬಟ್ಟಲನ್ನಿಟ್ಟಂತಾಗುತ್ತದೆ. ಇತ್ತ ಹಂಪೆಯ ಅವಶೇಷಗಳಲ್ಲಿ ಊರ ಮಡಕೆಯ ಓಡುಗಳೊಡನೆ ನಿಜವಾದ ಚೀನೀ ಪಿಂಗಾಣಿಯ ಚೂರುಗಳೂ ಸಿಕ್ಕಿವೆ. ಮೊದಲನೆಯವು ಕುಂಬಾರಗೇರಿಗೆ, ಎರಡನೆಯವು ಕಡಲ ವ್ಯಾಪಾರಕ್ಕೆ ಸಾಕ್ಷಿ. ಎರಡಕ್ಕೂ ಒಂದೇ ಹೆಸರಿಟ್ಟರೆ ಎರಡು ಸಾಕ್ಷಿಗಳೂ ಮೂಕವಾಗುವುವು.

ಇದಕ್ಕೆ ಪ್ರತಿಯಾಗಿ ‘ಮೃಣ್ಮಯ’ ಎಂಬ ಶಬ್ದವನ್ನು ಬಳಸುವುದುಂಟು. ಅದಕ್ಕೆ ‘ಮಣ್ಣಿನಿಂದಾದುದು’ ಎಂಬಷ್ಟೇ ಅರ್ಥವಿರುವುದರಿಂದ, ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯೂ ಅದರಲ್ಲಿ ಅಡಗುತ್ತದೆ. ಸಿರಾಮಿಕ್‌ನ ಸತ್ತ್ವವಿರುವುದು ಮಣ್ಣಿನಲ್ಲಲ್ಲ, ಬೆಂಕಿಯಲ್ಲಿ. ಸುಮಾರು 500ರಿಂದ 600 ಅಂಶಗಳ ಉಷ್ಣದಲ್ಲಿ ಜೇಡಿಯು ತನ್ನಲ್ಲಿ ರಾಸಾಯನಿಕವಾಗಿ ಬೆರೆತ ನೀರನ್ನು ಕಳೆದುಕೊಳ್ಳುತ್ತದೆ. ಬಳಿಕ ಎಷ್ಟು ನೆನೆಯಿಸಿದರೂ ಅದು ಮರಳಿ ಕೆಸರಾಗದು.

ಈ ಭೇದವನ್ನು ಪಂಡಿತರಿಗಿಂತ ಮೊದಲು ಕುಂಬಾರರು ಬಲ್ಲರು. ಕಾಗವಾಡ ತಾಲೂಕಿನ ಐನಾಪುರ ಮೊದಲಾದ ಊರುಗಳಿರುವ ಕೃಷ್ಣಾತೀರವು ಕನ್ನಡ-ಮರಾಠಿಗಳು ಕೂಡುವ ಸೀಮೆ. ಕನ್ನಡದ ಹಂಚು ಮರಾಠಿಯಲ್ಲಿ ‘ಕೌಲ’ವಾಗುತ್ತದೆ, ಗಡಿಗೆಯು ‘ಗಾಡಗೆ’ಯಾಗುತ್ತದೆ, ಆವಿಗೆಯು ‘ಆವಾ’ ಆಗುತ್ತದೆ. ಹೆಸರುಗಳು ಬದಲಾದರೂ ಕೆಲಸದ ಕ್ರಮವು ಒಂದೇ: ತಿಗರಿಯಿಂದಿಳಿದುದು ಹಸಿಗಡಿಗೆ, ಆವಿಗೆಯಿಂದ ಹೊರಬಂದುದೇ ಗಡಿಗೆ. ಕೊಳ್ಳುವವರು ಬೆರಳಿನಿಂದ ಬಡಿದು ನೋಡುವುದು ಅದರ ಬಣ್ಣವನ್ನಲ್ಲ, ಬೆಂದ ಪಾಕವನ್ನು. ಹರಿಹರನ ರಗಳೆಯ ಕುಂಬಾರ ಗುಂಡಯ್ಯನು ಶಿವನನ್ನು ಕುಣಿಸಿದುದೂ ಮಡಕೆಯ ನಾದದಿಂದಲೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಆದುದರಿಂದ ಪ್ರಾಚೀನ ಪಾತ್ರೆ, ಹಂಚು, ಬೊಂಬೆಗಳ ಸಮೂಹಕ್ಕೆ ‘ಸುಡುಮಣ್ಣು’ ಎಂಬುದೂ, ಚೀನೀ ಬಗೆಯ ಪಾತ್ರೆಗೆ ಮಾತ್ರ ‘ಪಿಂಗಾಣಿ’ ಎಂಬುದೂ ಯುಕ್ತ. ಇಂದಿನ ಪದಾರ್ಥವಿಜ್ಞಾನವು ಜೇಡಿಯೇ ಇಲ್ಲದ ಅಲ್ಯುಮಿನಾದಂತಹ ವಸ್ತುಗಳನ್ನೂ ಈ ವರ್ಗದಲ್ಲಿ ಎಣಿಸುತ್ತಿರುವುದರಿಂದ, ಆ ಶಾಸ್ತ್ರದಲ್ಲಿ ‘ಸಿರಾಮಿಕ್’ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು. ಒಂದು ಶಬ್ದಕ್ಕೆ ಮೂರು ಪ್ರತಿಶಬ್ದಗಳಾದುವೆಂಬ ಆಕ್ಷೇಪವು ಬರಬಹುದು. ಆದರೆ ವಸ್ತುಗಳೇ ಮೂರಾಗಿರುವಲ್ಲಿ ಹೆಸರು ಒಂದೇ ಇರಬೇಕೆಂಬುದು ಮಿತವ್ಯಯವಲ್ಲ, ಅವಿವೇಕ.