ಚಾಲಗೇಣಿಯ ಆಟಗಳು

ನಮ್ಮ ಕರಾವಳಿಯ ಕಡೆ ಮೂಲಗೇಣಿ, ಚಾಲಗೇಣಿ ಎಂಬ ಎರಡು ಹಳೆಯ ಮಾತುಗಳಿವೆ. ಗೇಣಿ ಸಲ್ಲಿಸುತ್ತಿರುವಷ್ಟು ಕಾಲ ಮೂಲಗೇಣಿಯವನನ್ನು ಧಣಿ ಎಬ್ಬಿಸುವಂತಿರಲಿಲ್ಲ; ಅವನ ಹಕ್ಕು ಮಕ್ಕಳಿಗೂ ಬರುತ್ತಿತ್ತು. ಚಾಲಗೇಣಿಯವನು ಮಾತ್ರ ಧಣಿಯ ಮರ್ಜಿ ಕಾಯಬೇಕಾದವನು. 1974ರ ಭೂಸುಧಾರಣೆಯ ನಂತರ ಹುಟ್ಟಿದವರಿಗೆ ಈ ವ್ಯತ್ಯಾಸದ ಬಿಸಿ ತಟ್ಟಿರಲಾರದು. ನನಗೆ ಈ ಮಾತುಗಳು ಮತ್ತೆ ನೆನಪಾದದ್ದು ಗದ್ದೆಯ ವಿಚಾರದಲ್ಲಿ ಅಲ್ಲ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮಿನ ವಿಚಾರದಲ್ಲಿ ಎಂದರೆ ನಗಬೇಡಿ.

ಅಕ್ಕನ ಹಿರಿಯ ಮಗ ಕೆಲಸದ ಮೇಲೆ ದೂರದೂರಿಗೆ ಹೊರಟಾಗ ತನ್ನ ಹಳೆಯ ಯಂತ್ರವನ್ನು ತಮ್ಮನಿಗೆ ಕೊಟ್ಟು ಹೋಗಲು ನೋಡಿದ. ಯಂತ್ರವನ್ನೇನೋ ಕೊಡಬಹುದಿತ್ತು. ಆದರೆ ವರ್ಷಗಟ್ಟಲೆ ದುಡ್ಡು ತೆತ್ತು ಇಳಿಸಿಕೊಂಡಿದ್ದ ಆಟಗಳು ಅವನ ಹೆಸರಿನ ಖಾತೆಗೆ ಕಟ್ಟುಬಿದ್ದಿದ್ದವು. ಖಾತೆಯನ್ನು ಇನ್ನೊಬ್ಬರಿಗೆ ಕೊಡಕೂಡದೆಂದು ಕರಾರಿನಲ್ಲಿತ್ತು. “ದುಡ್ಡು ಕೊಟ್ಟವನು ನಾನು ಮಾವ, ಆದ್ರೆ ತಮ್ಮನಿಗೆ ಕೊಡೋ ಹಾಗಿಲ್ವಂತೆ” ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಕೊಡಲು ಬಾರದ ವಸ್ತು ನಮ್ಮದು ಹೇಗಾಗುತ್ತದೆ?

1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ತಂಡದ ಮುಂದಾಳು ಗುನ್‌ಪೆ ಯೊಕೊಯಿ. ಹೊಸ ತಂತ್ರಜ್ಞಾನದ ಬೆನ್ನುಹತ್ತುವುದಕ್ಕಿಂತ, ಹಳತಾಗಿ ಅಗ್ಗವಾದ, ಗುಣದೋಷಗಳೆಲ್ಲ ತಿಳಿದ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕಬೇಕು ಎಂಬುದು ಅವರ ನಂಬಿಕೆ. ಅಟಾರಿಯ ಲಿಂಕ್ಸ್, ಸೆಗಾದ ಗೇಮ್ ಗೇರ್ ಬಣ್ಣದ ಪರದೆ ತೋರಿಸಿ ಆರಾರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿದ್ದಾಗ, ಬಣ್ಣವಿಲ್ಲದ ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮಿಕ್ಕಿ ಓಡುತ್ತಿತ್ತು. ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಕಲಾಗಿಯೂ ನಡೆಯುತ್ತಿದ್ದ ಒಂದು ಗೇಮ್ ಬಾಯ್‌ಯನ್ನು ಕಂಪನಿ ನ್ಯೂಯಾರ್ಕಿನ ತನ್ನ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿಟ್ಟಿತ್ತು.

ಹಾಗೆಂದು ಅದು ಬಾಗಿಲು ತೆರೆದಿಟ್ಟ ಮನೆಯಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕಾರ್ಟ್ರಿಜ್ಜಿನೊಳಗೆ ನಿಂಟೆಂಡೊದ ಲಾಂಛನ ಇದೆಯೇ ಎಂದು ಯಂತ್ರ ಮೊದಲು ಪರೀಕ್ಷಿಸುತ್ತಿತ್ತು. ಇಲ್ಲದಿದ್ದರೆ ಆಟ ಶುರುವಾಗುತ್ತಿರಲಿಲ್ಲ. ಬೆನ್ನಿನ ತಿರುಪುಗಳಿಗೆ ಮನೆಯ ಸ್ಕ್ರೂಡ್ರೈವರ್ ಕೂರುತ್ತಿರಲಿಲ್ಲ. ಬೀಗ ಆಗಲೂ ಇತ್ತು. ಆದರೆ ಬೀಗ, ಕೀಲಿ ಎರಡೂ ಕೊಂಡವನ ಮನೆಗೇ ಬರುತ್ತಿದ್ದವು. ಒಂದು ದೇಶದಲ್ಲಿ ಕೊಂಡ ಕಾರ್ಟ್ರಿಜ್ಜು ಇನ್ನೊಂದು ದೇಶದ ಯಂತ್ರದಲ್ಲಿ ನಡೆಯುತ್ತಿತ್ತು. ಅದನ್ನು ಮಾರಬಹುದಿತ್ತು, ಎರವಲು ಕೊಡಬಹುದಿತ್ತು. ಆಟದ ನೆನಪು ಕಾಯುವ ಪುಟ್ಟ ಬ್ಯಾಟರಿ ಸತ್ತರೆ ಬೆಸುಗೆ ಬಲ್ಲವನು ಇಂದೂ ಹೊಸದನ್ನು ಕೂರಿಸಿಕೊಡಬಲ್ಲ. ಮಾರಿದ ಮೇಲೆ ಕಂಪನಿಯ ಅಪ್ಪಣೆಯ ಮಾತೇ ಇರಲಿಲ್ಲ.

ಈ ಸರಳ ಸಂಗತಿ ಬರಬರುತ್ತ ಕೈಬಿಟ್ಟುಹೋಯಿತು. ಸೋನಿಯ ಪಿಎಸ್‌ಪಿ ಗೋ 2009ರಲ್ಲಿ ಬಂದಾಗ ಅದರಲ್ಲಿ ಡಿಸ್ಕ್ ಹಾಕುವ ಜಾಗವೇ ಇರಲಿಲ್ಲ. ಹಿಂದಿನ ಪಿಎಸ್‌ಪಿಗಾಗಿ ಕೊಂಡಿದ್ದ ಡಿಸ್ಕುಗಳು ಅದಕ್ಕೆ ಕೆಲಸಕ್ಕೆ ಬಾರದವು. 2021ರ ಮಾರ್ಚಿನಲ್ಲಿ ಸೋನಿ ತನ್ನ ವೀಟಾ ಯಂತ್ರದ ಅಂತರ್ಜಾಲ ಅಂಗಡಿಯನ್ನು ಮುಚ್ಚುವುದಾಗಿ ಸಾರಿತು. ಆಟಗಾರರು ಗಲಾಟೆ ಮಾಡಿದ ಮೇಲೆ, ಏಪ್ರಿಲಿನಲ್ಲಿ, ತೀರ್ಮಾನ ತಪ್ಪಾಯಿತೆಂದು ಒಪ್ಪಿ ಹಿಂದೆ ಸರಿಯಿತು. ಧಣಿ ಮನಸ್ಸು ಬದಲಾಯಿಸಿದ, ಒಳ್ಳೆಯದೇ. ಆದರೆ ಮನಸ್ಸು ಧಣಿಯದೇ ತಾನೆ? ನಿಂಟೆಂಡೊ ಬದಲಾಯಿಸಲಿಲ್ಲ. 2023ರ ಮಾರ್ಚ್ 27ರಂದು ಅದರ 3ಡಿಎಸ್ ಯಂತ್ರದ ಅಂಗಡಿ ಮಾರಾಟ ನಿಲ್ಲಿಸಿತು. ‘ಪುಷ್ಮೋ’ದಂಥ ಆಟ ಸಿಗುತ್ತಿದ್ದುದು ಆ ಅಂಗಡಿಯಲ್ಲಿ ಮಾತ್ರ. ಇಂದು ಹಳೆಯ 3ಡಿಎಸ್ ಕೊಂಡವನಿಗೆ ಅದನ್ನು ಕ್ರಮವಾಗಿ ಕೊಳ್ಳುವ ದಾರಿಯಿಲ್ಲ.

ಕಾರ್ಟ್ರಿಜ್ಜಿನ ಖರ್ಚು ಭರಿಸಲಾರದ ಸಣ್ಣ ತಂಡಗಳ ಆಟಗಳು ನಮ್ಮನ್ನು ತಲುಪಿದ್ದು ಈ ಅಂಗಡಿಗಳಿಂದಲೇ ಎಂಬ ವಾದದಲ್ಲಿ ಸತ್ಯವಿದೆ. ನನ್ನ ತಕರಾರು ಇಳಿಸಿಕೊಳ್ಳುವ ವಿಧಾನದ ಮೇಲಲ್ಲ. ಕ್ರಯದ ಹಣ ಪಡೆದು ಚಾಲಗೇಣಿ ಚೀಟಿ ಬರೆದುಕೊಡುವುದರ ಮೇಲೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾಯಿದೆಯ ಪ್ರಕಾರ, ಇಂಥ ಸರಕಿಗೆ ‘ಕೊಳ್ಳಿ’ ಎಂಬ ಮಾತು ಬಳಸುವವರು ಸಿಗುವುದು ಬರಿಯ ಪರವಾನಗಿ ಎಂದು ತಿಳಿಸಬೇಕು. ಮಾತು ಸರಿಹೋಯಿತು, ಹಕ್ಕು ಇದ್ದಲ್ಲೇ ಇದೆ. ಅದೇ ವರ್ಷದ ಜೂನಿನಲ್ಲಿ ಬಂದ ಸ್ವಿಚ್ 2ರ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಕೀಲಿ ಮಾತ್ರ. ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಹುದೆಂಬುದು ನಿಜ. ಆದರೆ ಮನೆಯನ್ನೇ ಕೆಡವಿದ ಮೇಲೆ ಕೀಲಿ ಇಟ್ಟುಕೊಂಡು ಏನು ಮಾಡುವುದು?

ಇಂಥ ಯಂತ್ರಗಳನ್ನು ವಿಮರ್ಶಿಸುವವರು ಪರದೆಯ ಹೊಳಪು, ವೇಗ, ತೂಕಗಳನ್ನು ಅಳೆಯುತ್ತಾರೆ. ಅಂಗಡಿಗೆ ಬೀಗ ಬಿದ್ದ ಮರುದಿನ ಇದರಲ್ಲಿ ಏನು ಉಳಿಯುತ್ತದೆ ಎಂದೂ ಕೇಳಬೇಕು. ಆ ಪ್ರಶ್ನೆಗೆ 1989ರ ಯಂತ್ರ ಕೊಡುವ ಉತ್ತರವನ್ನು ಅದರ ಮೊಮ್ಮಕ್ಕಳು ಕೊಡಲಾರವು.

ಅಕ್ಕನ ಮಗ ಕೊನೆಗೆ ತನ್ನ ಪಾಸ್‌ವರ್ಡನ್ನೇ ಒಂದು ಚೀಟಿಯಲ್ಲಿ ಬರೆದು ತಮ್ಮನ ಕೈಗಿತ್ತು ಬಸ್ಸು ಹತ್ತಿದ. ಕರಾರಿನ ಪ್ರಕಾರ ಅದು ತಪ್ಪು. ದುಡ್ಡು ಕೊಟ್ಟು ತಂದದ್ದನ್ನು ಒಡಹುಟ್ಟಿದವನಿಗೆ ಕೊಡಲು ಹುಡುಗ ಕಳ್ಳನಂತೆ ನಡೆದುಕೊಳ್ಳಬೇಕಾಗಿ ಬಂತಲ್ಲ, ನನ್ನ ಸಂಕಟ ಅಷ್ಟೆ.